ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನನಗಿಂತ ಮೊದಲು ಮಾತನಾಡಿದವರಲ್ಲಿ ಒಬ್ಬರು ವೈದ್ಯರು, ಇನ್ನೊಬ್ಬರು ಕಂದಾಯ ಇಲಾಖೆಯಿಂದ ನಿವೃತ್ತರಾದವರು. ನಾನು ಮೆಕ್ಯಾನಿಕ್. ಇಪ್ಪತ್ತು ವರ್ಷ ಬೆಂಗಳೂರಿನಲ್ಲಿ ಬೇರೆಯವರ ಗ್ಯಾರೇಜಿನಲ್ಲಿ ದುಡಿದು, ಈಗ ಕಡೂರಿನಲ್ಲಿ ನನ್ನದೇ ಒಂದು ಸಣ್ಣ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಭಾಷಣಕ್ಕೆ ಕರೆದಾಗ ನಾನು ಏನು ಹೇಳಲಿ ಸಾರ್ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ನಿಮಗೆ ಗೊತ್ತಿರುವುದನ್ನೇ ಹೇಳಿ ಎಂದರು. ನನಗೆ ಗೊತ್ತಿರುವುದು ಕಾರು, ಅದರಲ್ಲೂ ನಿಧಾನದ ಕಾರು. ಆದ್ದರಿಂದ ನಿಧಾನದ ಕಾರು ವೇಗದ ಕಾರಿನ ಎದುರು ಹೇಗೆ ಗೆಲ್ಲುತ್ತದೆ ಎಂಬುದನ್ನು ಹೇಳುತ್ತೇನೆ. ಕೊನೆಯಲ್ಲಿ, ಈ ಶಾಲೆಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕಾಗಿದೆ. ಅದನ್ನು ಹೇಳುವುದಕ್ಕೇ ಬಂದಿದ್ದೇನೆ ಎಂದರೂ ಸರಿಯೆ.

ನಾವು ಚಿಕ್ಕವರಿದ್ದಾಗ ಕಾವಲಿನ ಅಂಚಿನಲ್ಲಿ ಓಟದ ಪಂದ್ಯ ಆಡುತ್ತಿದ್ದೆವು. ತಮ್ಮನೋ ತಂಗಿಯೋ ನಾನೂ ಬರ್ತೀನಿ ಎಂದು ಅಳುತ್ತಿದ್ದರು. ಅವರನ್ನು ಸೇರಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಎರಡು ದಾರಿ ಇದ್ದವು. ಒಂದು, ಆಟಕ್ಕುಂಟು ಲೆಕ್ಕಕ್ಕಿಲ್ಲ. ಓಡಲಿ ಪಾಪ, ಗೆದ್ದರೂ ಸೋತರೂ ಎಣಿಸುವುದು ಬೇಡ. ಇನ್ನೊಂದು, ಅವನು ಚಿಕ್ಕೋನು, ಹತ್ತು ಹೆಜ್ಜೆ ಮುಂದೆ ನಿಲ್ಲಿಸ್ರೋ ಎನ್ನುವುದು. ಎರಡಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಆಗ ನನಗೆ ಗೊತ್ತಾಗಿರಲಿಲ್ಲ. ಮೊದಲನೆಯದರಲ್ಲಿ ಆ ಮಗು ನಮ್ಮ ಜೊತೆ ಇದೆ, ಆದರೆ ಇಲ್ಲ. ಎರಡನೆಯದರಲ್ಲಿ ಆ ಮಗು ನಿಜವಾಗಿ ಗೆಲ್ಲಬಹುದು. ನಾವು ನಿಜವಾಗಿ ಸೋಲಬಹುದು.

ಈಗ ಕಾರಿನ ವಿಷಯ. ಡ್ರ್ಯಾಗ್ ರೇಸ್ ಎಂಬ ಪಂದ್ಯವಿದೆ. ನೇರವಾದ ಪಟ್ಟಿ, ಎರಡು ಸಾಲು, ಎರಡು ವಾಹನ. ತಿರುವು ಇಲ್ಲ, ಸುತ್ತು ಇಲ್ಲ. ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್ ಓಡಿದರೆ ಮುಗಿಯಿತು. ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ. ಅಮೆರಿಕದಲ್ಲಿ ಹುಡುಗರು ರಸ್ತೆಗಳಲ್ಲೂ ಒಣಗಿದ ಕೆರೆಯಂಗಳಗಳಲ್ಲೂ ಹೀಗೆ ಓಡಿಸುತ್ತಿದ್ದರು. ಅವರನ್ನು ಒಂದು ಶಿಸ್ತಿಗೆ ತರಲು 1951ರಲ್ಲಿ ವಾಲಿ ಪಾರ್ಕ್ಸ್ ಎಂಬುವರು ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಕಟ್ಟಿದರು. ಮೊದಲು ಬಾವುಟ ಬೀಸಿ ಓಟ ಬಿಡುತ್ತಿದ್ದರು. 1963ರಲ್ಲಿ ದೀಪಗಳ ಕಂಬ ಬಂತು. ಹಳದಿ, ಹಳದಿ, ಹಳದಿ, ಆಮೇಲೆ ಹಸಿರು. ಹಸಿರಿಗೆ ಮೊದಲೇ ಹೊರಟರೆ ಕೆಂಪು ಹತ್ತುತ್ತದೆ, ಓಟ ಹೋಯಿತು.

ಇದೇನು ಹೊಸದು ಎಂದು ನೀವು ಕೇಳಬಹುದು. ಕರಾವಳಿಯ ಕಂಬಳ ನೋಡಿದವರಿಗೆ ಹೊಸದಲ್ಲ. ಅಲ್ಲಿ ಜೋಡುಕರೆ ಎನ್ನುತ್ತಾರೆ. ಪಕ್ಕಪಕ್ಕ ಎರಡು ಕೆಸರಿನ ಓಣಿ, ಎರಡು ಜೋಡಿ ಕೋಣ, ಸೆಕೆಂಡಿನ ಲೆಕ್ಕ. ಅಲ್ಲಿಯೂ ಎಲ್ಲ ಕೋಣಗಳನ್ನು ಒಟ್ಟಿಗೆ ಬಿಡುವುದಿಲ್ಲ. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳಿವೆ, ನೇಗಿಲು ಹಗ್ಗಗಳಲ್ಲಿ ಕಿರಿಯ ಹಿರಿಯ ಎಂದು ಮತ್ತೆ ಭಾಗ. ನಮ್ಮ ದೇಶದ ಡ್ರ್ಯಾಗ್ ರೇಸುಗಳಲ್ಲೂ ಸಾಮಾನ್ಯವಾಗಿ ಇಂಜಿನ್ನಿನ ಸಿ.ಸಿ. ನೋಡಿ ವರ್ಗ ಮಾಡುತ್ತಾರೆ. ಅದೂ ನ್ಯಾಯವೇ. ಆದರೆ ಆಗ ಚಿಕ್ಕ ಕಾರು ಚಿಕ್ಕ ಕಾರಿನ ಜೊತೆಯೇ ಓಡಬೇಕು. ದೊಡ್ಡದರ ಎದುರು ನಿಲ್ಲುವ ಅವಕಾಶವೇ ಬರುವುದಿಲ್ಲ.

ಅದಕ್ಕೆ ಹವ್ಯಾಸಿಗಳು ಕಂಡುಕೊಂಡ ಉಪಾಯದ ಹೆಸರು ಬ್ರಾಕೆಟ್ ರೇಸಿಂಗ್. ಬೆಂಗಳೂರಿನಲ್ಲಿದ್ದಾಗ ನಾವು ಕೆಲವು ಗೆಳೆಯರು ಅನುಮತಿ ಪಡೆದು, ಒಂದು ಖಾಸಗಿ ಜಾಗದಲ್ಲಿ, ಹೆಲ್ಮೆಟ್ ಹಾಕಿಕೊಂಡು, ಆಂಬುಲೆನ್ಸ್ ನಿಲ್ಲಿಸಿಕೊಂಡು ಇದನ್ನು ಆಡುತ್ತಿದ್ದೆವು. ನನ್ನದು ಹಳೆಯ ಮಾರುತಿ 800. ಅದರ ಇಂಜಿನ್ 796 ಸಿ.ಸಿ. ಎದುರಿಗೆ ಒಬ್ಬರ ಹೋಂಡಾ ಸಿಟಿ, 1500 ಸಿ.ಸಿ. ಗಣಿತ ನೋಡಿ. ಕಾಲು ಮೈಲಿಗೆ ನನ್ನ ಕಾರಿಗೆ 22 ಸೆಕೆಂಡ್ ಬೇಕು, ಅವರದಕ್ಕೆ 17. ಒಟ್ಟಿಗೆ ಬಿಟ್ಟರೆ ಅವರು ಮುಟ್ಟಿ, ಬೆಲ್ಟ್ ಬಿಚ್ಚುವ ಹೊತ್ತಿಗೆ ನಾನು ತಲುಪುತ್ತೇನೆ.

ಬ್ರಾಕೆಟ್ ಪದ್ಧತಿಯಲ್ಲಿ ಓಟಕ್ಕೆ ಮೊದಲು ಇಬ್ಬರೂ ತಮ್ಮ ತಮ್ಮ ಸಮಯವನ್ನು ತಾವೇ ಹೇಳಬೇಕು. ಅದಕ್ಕೆ ಡಯಲ್-ಇನ್ ಎನ್ನುತ್ತಾರೆ. ನಾನು 22 ಎಂದೆ, ಅವರು 17 ಎಂದರು. ವ್ಯತ್ಯಾಸ 5 ಸೆಕೆಂಡ್. ನನ್ನ ಸಾಲಿನ ಹಸಿರು ದೀಪ 5 ಸೆಕೆಂಡ್ ಮೊದಲು ಹತ್ತುತ್ತದೆ. ಅಷ್ಟು ಹೊತ್ತು ಅವರು ಇಂಜಿನ್ ಗುಡುಗಿಸುತ್ತಾ ನಿಂತಲ್ಲೇ ಕಾಯಬೇಕು. ಇಬ್ಬರೂ ಹೇಳಿದಷ್ಟೇ ಸಮಯ ತೆಗೆದುಕೊಂಡರೆ ಇಬ್ಬರೂ ಒಂದೇ ಗಳಿಗೆಗೆ ಗೆರೆ ಮುಟ್ಟಬೇಕು.

ಹಾಗಾದರೆ ಗೆಲುವು ಎಲ್ಲಿದೆ? ಎರಡು ಕಡೆ ಇದೆ. ಒಂದು, ಹಸಿರು ಕಂಡ ಮೇಲೆ ನಿಮ್ಮ ಕಾಲು ಎಷ್ಟು ಬೇಗ ಕೆಲಸ ಮಾಡಿತು ಎಂಬುದರಲ್ಲಿ. ಇನ್ನೊಂದು, ನೀವು ಹೇಳಿದ ಸಮಯಕ್ಕೆ ಎಷ್ಟು ಹತ್ತಿರ ಓಡಿದಿರಿ ಎಂಬುದರಲ್ಲಿ. ಆ ದಿನ ನಾನು ಹಸಿರಾದ ಮೇಲೆ 0.30 ಸೆಕೆಂಡಿಗೆ ಹೊರಟು 22.10ರಲ್ಲಿ ಓಡಿದೆ, ಒಟ್ಟು 22.40. ಅವರು 5 ಸೆಕೆಂಡ್ ಕಾದು, 0.60 ತಡ ಮಾಡಿ, 17.05ರಲ್ಲಿ ಓಡಿದರು, ಒಟ್ಟು 22.65. ಅವರ ಕಾರು ನನ್ನದಕ್ಕಿಂತ ಚೆನ್ನಾಗಿಯೇ ಮಾತು ಉಳಿಸಿಕೊಂಡಿತ್ತು. ಆದರೆ ಅವರು ಆರಂಭದಲ್ಲಿ ಒಂದು ಕ್ಷಣ ಮೈಮರೆತರು. ನಾನು ಕಾಲು ಸೆಕೆಂಡಿನಿಂದ ಗೆದ್ದೆ. ಕನ್ನಡಿಯಲ್ಲಿ ಅವರ ದೀಪಗಳು ದೊಡ್ಡದಾಗುತ್ತಾ ಬಂದದ್ದು, ಮೈಯೆಲ್ಲ ಬೆವೆತದ್ದು ಈಗಲೂ ನೆನಪಿದೆ.

ಪಕ್ಕದಲ್ಲಿದ್ದ ಒಬ್ಬರು ಐದು ಸೆಕೆಂಡ್ ಭಿಕ್ಷೆ ಕೊಟ್ಟರೆ ಯಾರಾದರೂ ಗೆಲ್ಲುತ್ತಾರೆ ಎಂದರು. ಸೋತವರೇ ಅವರಿಗೆ ಉತ್ತರ ಕೊಟ್ಟರು. ಅದು ಭಿಕ್ಷೆಯಲ್ಲ ಸ್ವಾಮಿ, ನಮ್ಮ ಕಾರುಗಳ ವ್ಯತ್ಯಾಸ. ಅದನ್ನು ಕಳೆದ ಮೇಲೆ ಉಳಿದದ್ದು ನಾನು ಮತ್ತು ಅವನು, ಅದರಲ್ಲಿ ಸೋತಿದ್ದೇನೆ ಎಂದರು. ದೊಡ್ಡ ಮನುಷ್ಯರ ಮಾತು. ಆಮೇಲೆ ಅವರೇ ನನಗೆ ಟೀ ಕೊಡಿಸಿದರು.

ಮಕ್ಕಳೇ, ನಿಮ್ಮಲ್ಲಿ ಜಾಣರೊಬ್ಬರು ಈಗಾಗಲೇ ಯೋಚಿಸಿರುತ್ತೀರಿ. ಸಮಯವನ್ನು ನಾವೇ ಹೇಳುವುದಾದರೆ ಸುಳ್ಳು ಹೇಳಬಹುದಲ್ಲ? ನಾನೂ ಅದನ್ನೇ ಯೋಚಿಸಿದೆ. ಮುಂದಿನ ಸುತ್ತಿನಲ್ಲಿ 22ರ ಬದಲು 22.60 ಎಂದು ಹೇಳಿದೆ. ಅರ್ಧ ಸೆಕೆಂಡಿಗಿಂತ ಹೆಚ್ಚು ಲಾಭ. ಕೊನೆಗೆ ಸ್ವಲ್ಪ ಬ್ರೇಕ್ ಒತ್ತಿದರಾಯಿತು ಎಂದುಕೊಂಡೆ. ಆದರೆ ಹಿಂದಿನಿಂದ ಕಾರು ಬರುತ್ತಿರುವಾಗ ಬ್ರೇಕ್ ಒತ್ತಲು ಯಾರಿಗೆ ಮನಸ್ಸು ಬರುತ್ತದೆ? 22.10ಕ್ಕೆ ಮುಟ್ಟಿದೆ. ಮೊದಲು ಮುಟ್ಟಿದವನೂ ನಾನೇ, ಸೋತವನೂ ನಾನೇ. ಹೇಳಿದ್ದಕ್ಕಿಂತ ಬೇಗ ಓಡಿದರೆ ಔಟ್. ಇದಕ್ಕೆ ಬ್ರೇಕ್‌ಔಟ್ ಎನ್ನುತ್ತಾರೆ. ಆ ನಿಯಮ ಇಲ್ಲದಿದ್ದರೆ ಇಡೀ ಆಟವೇ ಸುಳ್ಳಾಗುತ್ತದೆ. ನಿಧಾನ ಎಂದು ಹೇಳಿಕೊಳ್ಳಲು ನಾಚಿಕೆ ಬೇಡ. ನಿಧಾನ ಎಂದು ಸುಳ್ಳು ಹೇಳುವುದೂ ಬೇಡ.

ಇನ್ನೊಂದು ಸಣ್ಣ ವಿಷಯ. ಈ ಸಂಖ್ಯೆಯನ್ನು ಕಾರಿನ ಗಾಜಿನ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಏನಿಂದ ಗೊತ್ತೇ? ಬಿಳಿ ಶೂ ಪಾಲಿಶ್‌ನಿಂದ. ನೀವು ಪಿ.ಟಿ. ದಿನ ಕ್ಯಾನ್ವಾಸ್ ಶೂಗೆ ಹಚ್ಚುತ್ತೀರಲ್ಲ, ಅದೇ. ಪೇಂಟ್ ಯಾಕಿಲ್ಲ? ಯಾಕೆಂದರೆ ಪ್ರತಿ ಸುತ್ತಿಗೂ ಅದನ್ನು ಒರೆಸಿ ಮತ್ತೆ ಬರೆಯಬೇಕು. ಬೆಳಗಿನ ತಂಪಿನಲ್ಲಿ ಓಡಿದ ಕಾರು ಮಧ್ಯಾಹ್ನದ ಬಿಸಿಲಿನಲ್ಲಿ ಹಾಗೆಯೇ ಓಡುವುದಿಲ್ಲ. ಪ್ಲಗ್ ಬದಲಾಯಿಸಿದರೆ, ಟೈರಿನ ಗಾಳಿ ಸರಿ ಮಾಡಿದರೆ ಸಂಖ್ಯೆ ಬೇರೆ. ಬೆಳಿಗ್ಗೆಯ ಸಂಖ್ಯೆಯನ್ನು ಸಂಜೆಯವರೆಗೆ ಹೊತ್ತುಕೊಂಡು ತಿರುಗುವವನು ಸೋಲುತ್ತಾನೆ.

ಈಗ ನನ್ನ ತಪ್ಪಿನ ಮಾತು.

ನಮ್ಮ ಶಾಲೆಗೆ ಕಡೂರು ಕಡೆಯಿಂದ, ತರೀಕೆರೆ ಕಡೆಯಿಂದ, ಅಜ್ಜಂಪುರದ ಕಡೆಯಿಂದ ಮಕ್ಕಳು ಬರುತ್ತಿದ್ದರು. ಆಗ ಅಜ್ಜಂಪುರ ಇನ್ನೂ ತಾಲ್ಲೂಕಾಗಿರಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ನಾನು ಮಾನಿಟರ್. ನನ್ನ ಮನೆ ಶಾಲೆಯ ಹಿಂದಿನ ಬೀದಿ. ಗಂಟೆ ಹೊಡೆದ ಮೇಲೆ ಎದ್ದು ಬಂದರೂ ಪ್ರಾರ್ಥನೆಗೆ ಸಿಗುತ್ತಿದ್ದೆ. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ಗೆಳೆಯ ಕಾವಲಿನ ಆಚೆಯ ಹಟ್ಟಿಯವನು. ದನಗಳಿಗೆ ನೀರು ತೋರಿಸಿ, ಹಾಲು ಕರೆದು, ಆರು ಕಿಲೋಮೀಟರ್ ನಡೆದು ಬರುತ್ತಿದ್ದ. ಬರುವಷ್ಟರಲ್ಲಿ ಗಣಿತದ ಪೀರಿಯಡ್ ಅರ್ಧ ಆಗಿರುತ್ತಿತ್ತು.

ಒಂದು ಕಿರುಪರೀಕ್ಷೆಯ ಅಂಕಗಳನ್ನು ಬೋರ್ಡಿನ ಮೇಲೆ ಬರೆಯಲು ನನಗೆ ಹೇಳಿದ್ದರು. ನಾನು ಬರೆದೆ. ಅಷ್ಟಕ್ಕೆ ಸುಮ್ಮನಿರಲಿಲ್ಲ. ಮೂಲೆಯಲ್ಲಿ ಒಂದು ಚೌಕ ಎಳೆದು, ಎತ್ತಿನ ಗಾಡಿಗಳು ಎಂದು ತಲೆಬರಹ ಕೊಟ್ಟು, ಕೆಳಗೆ ಐದು ಹೆಸರು ಬರೆದೆ. ಮೊದಲ ಹೆಸರು ಅವನದು. ಅದರ ಕೆಳಗೆ ಅಳಿಸಬೇಡಿ ಎಂದು ಬರೆದೆ. ತರಗತಿಯೆಲ್ಲ ನಕ್ಕಿತು. ಅವನೂ ನಕ್ಕ. ಸೀಮೆಸುಣ್ಣದಲ್ಲಿ ಬರೆದದ್ದು, ಅಂಗೈಯಲ್ಲಿ ಒರೆಸಿದರೆ ಹೋಗುತ್ತಿತ್ತು. ಆದರೆ ಮೂರು ವಾರ ಅದು ಅಲ್ಲೇ ಇತ್ತು. ಬೋರ್ಡ್ ಒರೆಸುವ ಕೆಲಸ ನನ್ನದೇ ಆಗಿತ್ತು. ದಿನವೂ ಆ ಚೌಕ ಬಿಟ್ಟು ಉಳಿದದ್ದನ್ನು ಒರೆಸುತ್ತಿದ್ದೆ. ದಸರಾ ರಜೆ ಮುಗಿದ ಮೇಲೆ ಅವನು ಬರಲಿಲ್ಲ.

ಬೆಂಗಳೂರಿನಲ್ಲಿ ಗಾಜಿನ ಮೇಲಿನ ಸಂಖ್ಯೆಯನ್ನು ಮೊದಲ ಸಲ ಒದ್ದೆ ಬಟ್ಟೆಯಲ್ಲಿ ಒರೆಸುವಾಗ ನನಗೆ ಆ ಚೌಕ ನೆನಪಾಯಿತು. ಅಲ್ಲಿಯವರೆಗೆ ಮರೆತೇ ಹೋಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಊರಿಗೆ ಬಂದಾಗ ಹುಡುಕಿಕೊಂಡು ಹೋದೆ. ಅವನು ಬೀರೂರಿನ ಹರಾಜಿನಲ್ಲಿ ಅಮೃತಮಹಲ್ ಹೋರಿಕರು ಹಿಡಿದು, ಪಳಗಿಸಿ, ಗಾಡಿ ಓಟಕ್ಕೆ ತಯಾರು ಮಾಡುವುದರಲ್ಲಿ ಹೆಸರು ಮಾಡಿದ್ದ. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಗಾಡಿ ಓಟವನ್ನು ನಿಲ್ಲಿಸಿದಾಗ ಕೆಲವು ವರ್ಷ ಎತ್ತುಗಳನ್ನು ಉಳುಮೆಗೆ ಹೂಡಿದ. ರಾಜ್ಯದ ತಿದ್ದುಪಡಿ ಬಂದು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿದ ಮೇಲೆ ಮತ್ತೆ ಧೈರ್ಯವಾಗಿ ಅಖಾಡಕ್ಕೆ ಬಂದ. ಅವನು ಬಾರುಕೋಲು ಬಳಸುವುದಿಲ್ಲ. ಯಾವ ಎತ್ತು ಎಷ್ಟು ಓಡುತ್ತದೆ ಎಂಬುದು ಅದರ ಉಸಿರಿನಲ್ಲೇ ಗೊತ್ತಾಗುತ್ತದೆ, ಹೊಡೆದರೆ ಗೊತ್ತಾಗುವುದು ನಿಲ್ಲುತ್ತದೆ ಎನ್ನುತ್ತಾನೆ.

ನಾನು ಕ್ಷಮೆ ಕೇಳಿದೆ. ನಿನ್ನಿಂದ ಬಿಡಲಿಲ್ಲ ಮಾರಾಯ, ಆ ವರ್ಷ ಮಳೆ ಇರಲಿಲ್ಲ, ಅಪ್ಪನಿಗೆ ಸಾಲ ಇತ್ತು ಎಂದ. ನನಗೆ ಸಮಾಧಾನ ಆಗುವಷ್ಟರಲ್ಲಿ, ಆದರೆ ಆ ಮೂಲೆ ನೆನಪಿದೆ ಎಂದ. ಅಷ್ಟೇ. ಮುಂದೆ ಇಬ್ಬರೂ ಮಾತಾಡಲಿಲ್ಲ.

ಆ ವರ್ಷಗಳಲ್ಲಿ ಅವನಿಗೆ ಬೇಕಾಗಿದ್ದದ್ದು ಸ್ವಲ್ಪ ಮುಂಚಿನ ಹಸಿರು ದೀಪ, ಅಷ್ಟೆ. ಒಂದು ಸೈಕಲ್ಲು, ಮಧ್ಯಾಹ್ನ ಒಂದು ಊಟ, ಹಾಸ್ಟೆಲ್ಲಿನಲ್ಲಿ ಒಂದು ಹಾಸಿಗೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿದಾಗ ಪುಕ್ಕಟೆ ಕೊಟ್ಟು ಹಾಳು ಮಾಡುತ್ತಾರೆ ಎಂದವರನ್ನು ನಾನು ಕೇಳಿದ್ದೇನೆ. ಆರು ಕಿಲೋಮೀಟರ್ ಆಚೆಯ ಮಗುವಿಗೆ ಸೈಕಲ್ ಕೊಡುವುದು, ಶಾಲೆಯ ಹಿಂದಿನ ಬೀದಿಯವನನ್ನೂ ಅವನನ್ನೂ ಒಂದೇ ಪಂದ್ಯಕ್ಕೆ ತರುವ ಲೆಕ್ಕ. ಅದನ್ನು ಕಳೆದ ಮೇಲೆ ಉಳಿಯುವುದು ಆ ಇಬ್ಬರು ಮಕ್ಕಳು.

ಆದರೆ ಕಾರಿಗೂ ಮಗುವಿಗೂ ಒಂದು ವ್ಯತ್ಯಾಸವಿದೆ. ಅದನ್ನು ಹೇಳದಿದ್ದರೆ ನನ್ನ ಮಾತು ತಪ್ಪಾಗುತ್ತದೆ. ಹೇಳಿದ್ದಕ್ಕಿಂತ ಬೇಗ ಓಡಿದರೆ ಸೋಲು ಎಂಬುದು ಕಾರಿಗೆ. ಮಗುವಿಗೆ ಆ ನಿಯಮ ಹಾಕಬಾರದು. ಗುರುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ: ಮಕ್ಕಳ ಮೇಲೆ ಸಂಖ್ಯೆ ಬರೆಯಲೇಬೇಕಾದರೆ ಬಿಳಿ ಪಾಲಿಶ್‌ನಲ್ಲಿ ಬರೆಯಿರಿ, ಒರೆಸುವ ಬಟ್ಟೆ ಕೈಯಲ್ಲೇ ಇರಲಿ. ಮಾನಿಟರ್ ಮಕ್ಕಳಲ್ಲಿ ಇನ್ನೊಂದು ಪ್ರಾರ್ಥನೆ: ಇಂದು ಸಂಜೆ ನಿಮ್ಮ ನಿಮ್ಮ ಬೋರ್ಡಿನ ಮೂಲೆ ನೋಡಿ.

ದೊಡ್ಡ ಹುಡುಗರಿಗೆ ಒಂದು ಮಾತು. ಇದನ್ನೆಲ್ಲ ಕೇಳಿ ಕಡೂರು-ಬೀರೂರು ಹೆದ್ದಾರಿಯಲ್ಲಿ ಬೈಕಿನ ಪಂದ್ಯ ಕಟ್ಟಬೇಡಿ. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಲ್ಲಿ ಅದು ಶಿಕ್ಷಾರ್ಹ ಅಪರಾಧ. ಕಾಯ್ದೆಯ ಮಾತು ಹಾಗಿರಲಿ, ಪಂದ್ಯ ಕಟ್ಟಿ ಬಿದ್ದ ಬೈಕುಗಳು ನನ್ನ ಗ್ಯಾರೇಜಿಗೇ ಬರುತ್ತವೆ. ಬೈಕನ್ನು ನಾನು ರಿಪೇರಿ ಮಾಡಬಲ್ಲೆ.

ಇಂದು ಬೆಳಿಗ್ಗೆ ಮೆರವಣಿಗೆಯಲ್ಲಿ ನಮ್ಮ ಹಳೆಯ ಗುರುಗಳನ್ನು ಕೂರಿಸಿಕೊಂಡು, ಕೊಂಬಿಗೆ ಹೂವು ಕಟ್ಟಿ ಬಂದ ಗಾಡಿಯನ್ನು ನೀವೆಲ್ಲ ನೋಡಿದಿರಿ. ಅದನ್ನು ಹೊಡೆದವನು ನನ್ನ ಆ ಗೆಳೆಯ. ವೇದಿಕೆಗೆ ಬಾ ಎಂದರೆ ಒಪ್ಪಲಿಲ್ಲ, ಹೆಸರು ಹೇಳಬೇಡ ಎಂದ. ಎತ್ತುಗಳಿಗೆ ನೀರು ಕುಡಿಸಬೇಕು ಎಂದು ಹುಣಸೆಮರದ ಕೆಳಗೆ ನಿಂತಿದ್ದಾನೆ. ಊಟಕ್ಕೆ ಹೋಗುವಾಗ ಮಾತನಾಡಿಸಿ. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವನ ಹೆಸರಿಲ್ಲ, ಎಸ್.ಎಸ್.ಎಲ್.ಸಿ. ಮುಗಿಸಿದವರ ಹೆಸರು ಮಾತ್ರ ಇದೆ. ಅರ್ಧಕ್ಕೆ ಬಿಟ್ಟವರ ಹೆಸರನ್ನೂ ಸೇರಿಸಬೇಕೆಂದು ಸಮಿತಿಯವರನ್ನು ಕೇಳಿಕೊಂಡಿದ್ದೇನೆ. ನೋಡೋಣ ಎಂದಿದ್ದಾರೆ. ಅವರೆಲ್ಲ ಈ ಶಾಲೆಯ ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು.