ಸಲಹೆಗೂ ಬೆಲೆ ಉಂಟು



ಬಿಟ್ಟಿ ಸಲಹೆ ಎಂದು ನಾವು ನಗುತ್ತೇವೆ. ಆದರೆ ಕಂಪ್ಯೂಟರ್ ಕಂಪನಿಗಳು ಅದಕ್ಕೆ ಕಟ್ಟಿದ ಬೆಲೆ ಕೇಳಿ. 2000ದಲ್ಲಿ ಎಚ್‌ಪಿ ಕಂಪನಿ ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್‌ನ ಸಲಹಾ ವಿಭಾಗವನ್ನು ಸುಮಾರು 1,800 ಕೋಟಿ ಡಾಲರಿಗೆ ಕೊಳ್ಳಲು ಮಾತುಕತೆ ನಡೆಸಿ ಹಿಂದೆ ಸರಿಯಿತು. 2002ರಲ್ಲಿ ಐಬಿಎಂ ಅದನ್ನೇ ಸುಮಾರು 350 ಕೋಟಿ ಡಾಲರಿಗೆ ಕೊಂಡಿತು!

ಯಾಕಿಷ್ಟು ಪೈಪೋಟಿ? ಯಂತ್ರ ಮಾರುವವನು ಬಾಗಿಲಲ್ಲಿ ಕಾಯಬೇಕು. ಸಲಹೆಗಾರ ಯಜಮಾನರ ಕೋಣೆಯಲ್ಲೇ ಕೂರುತ್ತಾನೆ. ಯಾವ ಯಂತ್ರ, ಯಾವ ಸಾಫ್ಟ್‌ವೇರ್ ಎಂಬುದು ತೀರ್ಮಾನವಾಗುವುದು ಅಲ್ಲಿಯೇ.

ನಮ್ಮವರೂ ಸುಮ್ಮನಿರಲಿಲ್ಲ. 1981ರಲ್ಲಿ ಪುಣೆಯಲ್ಲಿ ಹುಟ್ಟಿ ಬೆಂಗಳೂರಿಗೆ ಬಂದ ಇನ್ಫೋಸಿಸ್, 2004ರಲ್ಲಿ ಅಮೆರಿಕದಲ್ಲಿ ಸಲಹಾ ಕಂಪನಿ ತೆರೆಯಿತು. 2012ರಲ್ಲಿ ಸ್ವಿಟ್ಜರ್ಲೆಂಡಿನ ಲೋಡ್‌ಸ್ಟೋನ್ ಕಂಪನಿಯನ್ನು ಕೊಂಡಿತು. 2021ರಲ್ಲಿ ವಿಪ್ರೋ 145 ಕೋಟಿ ಡಾಲರಿಗೆ ಕ್ಯಾಪ್ಕೊವನ್ನು ಕೊಂಡಿತು.

ಹಿಂಜೆವಾಡಿಯಲ್ಲೋ ಹೈಟೆಕ್ ಸಿಟಿಯಲ್ಲೋ ದುಡಿಯುವ ಮಗನೋ ಸೊಸೆಯೋ ನಿಮ್ಮ ಮನೆಯಲ್ಲೂ ಇರಬಹುದು. ಕೋಡ್ ಬರೆಯುವುದಕ್ಕೆ ಈಗ ಯಂತ್ರವೇ ಕೈಹಾಕಿದೆ ಎಂಬ ಆತಂಕ ಅವರಿಗೆ. ಆದರೆ ಗಿರಾಕಿಯ ಎದುರು ಕೂತು, 'ನಿಮ್ಮ ನಿಜವಾದ ತೊಂದರೆ ಏನು?' ಎಂದು ವಿಚಾರಿಸಿ, ತಾಳ್ಮೆಯಿಂದ ಕಿವಿಗೊಡುವವರು ಇನ್ನೂ ಬೇಕು. ಅದನ್ನು ಕಲಿಯಲು ಅವರಿಗೆ ಹೇಳಿ.

ಕೇಳುವುದರ ಬೆಲೆ, ಕೇಳುಗರಾದ ನಿಮಗೆ ಗೊತ್ತೇ ಇದೆಯಲ್ಲ!