ಮಿದುಳಿನ ಶಾಸ್ತ್ರವೂ ಸಂಶೋಧನ ವಿದ್ಯಾರ್ಥಿಯೂ
(ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಣಿತವನ್ನೋದಿದವನು ಮಿದುಳಿನ ಶಾಸ್ತ್ರದಲ್ಲಿ ಪಿಎಚ್.ಡಿ. ವ್ಯಾಸಂಗಕ್ಕೆ ಅರ್ಜಿ ಹಾಕಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಿರುವಿರಿ. ಬರಿಯ ಹೌದೆಂಬ ಉತ್ತರಕ್ಕಿಂತಲೂ, ಆ ದಾರಿಯಲ್ಲಿ ನಡೆದವರೊಬ್ಬರ ಬಾಳನ್ನು ನಿಮ್ಮ ಮುಂದಿಡುವುದೇ ಲೇಸೆಂದು ಭಾವಿಸುತ್ತೇನೆ.

ಡೇವಿಡ್ ಮಾರ್ ಅವರು 1945ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿ, ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿದರು. ಮಿದುಳು ಕೆಲಸಮಾಡುವ ಬಗೆಯನ್ನರಿಯಬೇಕೆಂಬ ಹಂಬಲದಿಂದ ಶರೀರಶಾಸ್ತ್ರಜ್ಞರಾದ ಜೈಲ್ಸ್ ಬ್ರಿಂಡ್ಲಿಯವರಲ್ಲಿ ಸಂಶೋಧನ ವಿದ್ಯಾರ್ಥಿಯಾದರು. ಗಣಿತಬಲವೊಂದನ್ನೇ ನೆಚ್ಚದೆ ನರಮಂಡಲದ ರಚನೆಯನ್ನೂ ಕ್ರಿಯೆಯನ್ನೂ ಶ್ರದ್ಧೆಯಿಂದ ಕಲಿತರು. 1969ರಲ್ಲಿ ಕಿರುಮಿದುಳನ್ನು ಕುರಿತ ಅವರ ಪ್ರಬಂಧವು ಪ್ರಕಟವಾಯಿತು. ಅಲ್ಲಿಯ ಪುರ್ಕಿಂಜೆ ಕೋಶವೊಂದಕ್ಕೆ ಲಕ್ಷದ ಎಣಿಕೆಯಲ್ಲಿ ಸಣ್ಣ ತಂತುಗಳು ಸುದ್ದಿಯನ್ನು ತರುವುವು. ಬಳ್ಳಿಯಂತೆ ಹಬ್ಬಿ ಏರುವ ತಂತುವಾದರೋ ಒಂದೇ. ಈ ಒಂದೇ ತಂತುವು ಗುರುವಿನಂತಿದ್ದು, ಉಳಿದವುಗಳ ಬೆಸುಗೆಗಳನ್ನು ಬಲಪಡಿಸುವುದರಿಂದ ದೇಹವು ಚಲನೆಗಳನ್ನು ಕಲಿಯುವುದೆಂದು ಅವರು ಸೂಚಿಸಿದರು. ಬೆಸುಗೆಯು ಬಲಗೊಳ್ಳುವುದಿಲ್ಲ, ಕುಂದುವುದು ಎಂದು 1971ರಲ್ಲಿ ಜೇಮ್ಸ್ ಆಲ್ಬಸ್ ಅವರು ವಾದಿಸಿದರು. 1982ರಲ್ಲಿ ಜಪಾನಿನ ಮಸಾವೊ ಇಟೊ ಅವರ ಪ್ರಯೋಗಗಳು ಈ ಮಾತನ್ನೇ ಸಮರ್ಥಿಸಿದುವು. ಮಾರ್ ಅವರ ಊಹೆಯಲ್ಲಿ ಒಂದಂಶವು ತಪ್ಪಿತು, ನಿಜ. ಆದರೆ ಪರೀಕ್ಷಿಸಬಹುದಾದಷ್ಟು ಸ್ಪಷ್ಟವಾಗಿದ್ದುದರಿಂದಲೇ ಅದು ಇತರರ ಅರಿವನ್ನು ಬೆಳೆಸಿತು.

1973ರಲ್ಲಿ ಅವರು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಹೋಗಿ ದೃಷ್ಟಿಯ ರಹಸ್ಯವನ್ನು ಕೈಗೆತ್ತಿಕೊಂಡರು. ಕಣ್ಣು ಮಿದುಳುಗಳು ಏನನ್ನು ಸಾಧಿಸುತ್ತಿವೆ, ಯಾವ ಕ್ರಮದಿಂದ ಸಾಧಿಸುತ್ತಿವೆ, ಆ ಕ್ರಮವು ನರಕೋಶಗಳಲ್ಲಿ ಹೇಗೆ ನಡೆಯುವುದು ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕೆಂದು ಬೋಧಿಸಿದರು. ಅಷ್ಟರಲ್ಲಿ ರಕ್ತದ ಕ್ಯಾನ್ಸರು ಅವರನ್ನು ಹಿಡಿಯಿತು. ದಿನಗಳು ಎಣಿಕೆಯವೆಂದರಿತೂ ಅವರು ಧೃತಿಗೆಡದೆ ಗ್ರಂಥವನ್ನು ಬರೆದರು. 1980ರಲ್ಲಿ ಪೂರ್ಣ ಪ್ರಾಧ್ಯಾಪಕರಾಗಿ, ಅದೇ ವರ್ಷದ ನವೆಂಬರಿನಲ್ಲಿ 35ನೆಯ ವಯಸ್ಸಿಗೇ ಕಾಲವಶರಾದರು. ‘ವಿಷನ್’ ಎಂಬ ಆ ಗ್ರಂಥವು 1982ರಲ್ಲಿ ಹೊರಬಂದಿತು. ‘ಗಣನಾತ್ಮಕ ನರವಿಜ್ಞಾನ’ವೆಂಬ ಹೆಸರು ರೂಢವಾದುದು 1985ರ ಸಮ್ಮೇಳನವೊಂದರಿಂದ ಈಚೆಗೆ. ಶಾಸ್ತ್ರಕ್ಕೆ ಹೆಸರು ನಿಲ್ಲುವ ಮುನ್ನವೇ ಅದರಲ್ಲಿ ದುಡಿದು ಹೋದವರು ಅವರು.

ಆದುದರಿಂದ ಅರ್ಜಿ ಬರೆಯುವವನಿಗೆ ಮೊದಲು ಬೇಕಾದುದು ಪ್ರಶ್ನೆ, ಪದವಿಯ ಆಸೆಯಲ್ಲ. ಉದ್ದೇಶಪತ್ರದಲ್ಲಿ ನಿಮ್ಮನ್ನು ಕಾಡುವ ಪ್ರಶ್ನೆ ಯಾವುದು, ಅದಕ್ಕಾಗಿ ಈವರೆಗೆ ಏನು ಮಾಡಿದಿರಿ, ಇನ್ನೇನನ್ನು ಕಲಿಯಬೇಕಾಗಿದೆ ಎಂಬುದನ್ನು ನೇರವಾಗಿ ಬರೆಯಿರಿ. ಸಾಮಾನ್ಯವಾಗಿ ಮೂರು ಶಿಫಾರಸು ಪತ್ರಗಳು ಬೇಕಾಗುವುವು. ದೊಡ್ಡ ಹೆಸರಿನವರಿಗಿಂತ, ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರಿಂದ ಅವನ್ನು ಪಡೆಯಿರಿ. ಮಾರ್ಗದರ್ಶಕರಿಗೆ ಬರೆಯುವ ಮೊದಲು ಅವರ ಪ್ರಬಂಧಗಳನ್ನು ಓದಿರಿ. ಅವರ ಹಳೆಯ ಶಿಷ್ಯರನ್ನೂ ವಿಚಾರಿಸಿರಿ. ಅಮೆರಿಕದ ಈ ವಿಭಾಗಗಳು ಬಹುಮಟ್ಟಿಗೆ ಬೋಧನಶುಲ್ಕವನ್ನು ತಾವೇ ಭರಿಸಿ ಜೀವನವೇತನವನ್ನೂ ಕೊಡುವುವು; ಅರ್ಜಿಯ ಶುಲ್ಕದ ವಿನಾಯಿತಿಯನ್ನೂ ಅನೇಕ ಕಡೆ ಕೇಳಬಹುದು. ಬಡತನವೆಂದು ಹಿಮ್ಮೆಟ್ಟಬೇಡಿರಿ. ಸಮುದ್ರವನ್ನು ದಾಟಲೇಬೇಕೆಂದೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2009ರಲ್ಲಿಯೇ ನರವಿಜ್ಞಾನ ಕೇಂದ್ರವು ಸ್ಥಾಪಿತವಾಗಿದೆ.

ಮೊದಲ ಅರ್ಜಿಯು ತಿರಸ್ಕೃತವಾದರೆ ತಿರಸ್ಕೃತವಾದುದು ಕಾಗದ. ಪ್ರಶ್ನೆಯು ನಿಮ್ಮಲ್ಲಿಯೇ ಉಳಿದಿರುವುದು. ಆಯುಷ್ಯದ ಅಳತೆ ನಮ್ಮ ಕೈಯಲ್ಲಿಲ್ಲ. ಅದನ್ನು ಯಾವ ಪ್ರಶ್ನೆಗೆ ಮುಡಿಪಿಡಬೇಕೆಂಬುದು ಮಾತ್ರ ನಮ್ಮ ಕೈಯಲ್ಲಿದೆ.