ಜಗತ್ತಿನ ಪಂಚಾಯತಿಯಲ್ಲಿ ಏಳುತ್ತಿರುವ ರಾಷ್ಟ್ರಗಳು

(ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವಾಷಿಂಗ್ಟನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಜಿನೀವೆಯಲ್ಲಿಯೂ ನಡೆಯುವ ಮಂತ್ರಾಲೋಚನೆಗಳಿಗೂ ನಮ್ಮ ಊರಿನ ಸಂತೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಅದು ಸಹಜವಾದ ಪ್ರಶ್ನೆಯೇ ಸರಿ. ಆದರೆ ನಮ್ಮ ಎರೆಭೂಮಿಯ ಒಕ್ಕಲಿಗನು ಬೆಳೆದ ಹತ್ತಿಯ ಧಾರಣೆ, ರೋಗಿಯು ಕೊಳ್ಳುವ ಔಷಧದ ಬೆಲೆ, ಸರಕಾರವು ಸಾಲವೆತ್ತುವಾಗ ಒಪ್ಪಬೇಕಾದ ಕರಾರು, ಇವೆಲ್ಲವೂ ಬಹುಮಟ್ಟಿಗೆ ಆ ದೂರದ ಮನೆಗಳಲ್ಲಿ ನಿರ್ಣಯವಾಗುವವು. ನಿರ್ಣಯವು ನಮ್ಮ ಮೇಲೆ, ನಿರ್ಣಯಿಸುವವರು ಬೇರೆ ಎಂಬ ಸ್ಥಿತಿಗೆ ಪಾರತಂತ್ರ್ಯವೆಂದು ಹೆಸರು. ನಾಡು ಸ್ವತಂತ್ರವಾದ ಮಾತ್ರಕ್ಕೆ ಈ ಬಗೆಯ ಪಾರತಂತ್ರ್ಯವು ತಾನಾಗಿ ತೊಲಗುವದಿಲ್ಲ. ಅದನ್ನು ತೊಲಗಿಸಲು ಏಳುತ್ತಿರುವ ರಾಷ್ಟ್ರಗಳು ಕೈಕೈ ಹಿಡಿದು ಏನು ಮಾಡಬಲ್ಲವು, ಏನು ಮಾಡಲಾರದೆ ಹೋಗಿವೆ ಎಂಬದನ್ನು ಇಂದು ವಿಚಾರಿಸೋಣ.

ಈ ಮನೆಗಳನ್ನು ಕಟ್ಟಿದ ಕಾಲವನ್ನು ಮೊದಲು ನೆನೆಯಬೇಕು. ೧೯೪೪ನೆಯ ಇಸವಿಯ ಜುಲೈ ತಿಂಗಳಲ್ಲಿ, ಮಹಾಯುದ್ಧವು ಇನ್ನೂ ಮುಗಿಯದಿರುವಾಗಲೇ, ಅಮೇರಿಕೆಯ ಬ್ರೆಟನ್ ವುಡ್ಸ್ ಎಂಬಲ್ಲಿ ೪೪ ರಾಷ್ಟ್ರಗಳ ಪ್ರತಿನಿಧಿಗಳು ನೆರೆದು ಅಂತರರಾಷ್ಟ್ರೀಯ ಹಣಕಾಸು ನಿಧಿ, ವಿಶ್ವ ಬ್ಯಾಂಕು ಎಂಬೆರಡು ಸಂಸ್ಥೆಗಳಿಗೆ ಅಸ್ತಿಭಾರವನ್ನು ಹಾಕಿದರು. ಭಾರತದ ನಿಯೋಗವೂ ಅಲ್ಲಿದ್ದಿತು. ಆದರೆ ಅದರ ಮುಖಂಡರು ವೈಸರಾಯರ ಹಣಕಾಸಿನ ಸದಸ್ಯರಾದ ಸರ್ ಜೆರೆಮಿ ರೈಸ್ಮನ್. ಚಿಂತಾಮಣರಾವ ದೇಶಮುಖರೂ ಷಣ್ಮುಖಂ ಚೆಟ್ಟಿಯವರೂ ಆ ನಿಯೋಗದಲ್ಲಿದ್ದರು. ಯುದ್ಧದ ಕಾಲದಲ್ಲಿ ಬ್ರಿಟನ್ನು ಭಾರತಕ್ಕೆ ಕೊಡಬೇಕಾಗಿ ಬೆಳೆದ ಸ್ಟರ್ಲಿಂಗ್ ಬಾಕಿಯ ಒಂದಂಶವನ್ನಾದರೂ ಹೊಸ ನಿಧಿಯ ಮುಖಾಂತರ ತೀರಿಸಬೇಕೆಂಬದು ನಿಯೋಗದ ಬೇಡಿಕೆ. ಅದು ಸಾಲಗಾರನೂ ಸಾವಕಾರನೂ ತಮ್ಮತಮ್ಮಲ್ಲಿ ಬಗೆಹರಿಸಿಕೊಳ್ಳಬೇಕಾದ ಸಂಗತಿಯೆಂದು ಬ್ರಿಟನ್ನಿನವರು ವಾದಿಸಿದರು, ಬೇಡಿಕೆಯು ಬಿದ್ದುಹೋಯಿತು. ಸಾಲಗಾರನೇ ಆಳುವವನೂ ಸಾವಕಾರನೇ ಆಳಿಸಿಕೊಳ್ಳುವವನೂ ಆಗಿರುವಾಗ 'ತಮ್ಮತಮ್ಮಲ್ಲಿ' ಎಂಬ ಮಾತಿಗೆ ಎಷ್ಟು ಅರ್ಥವುಂಟೆಂಬದನ್ನು ತಾವೇ ಊಹಿಸಿರಿ.

ಅಂದು ಹಾಕಿದ ಕಟ್ಟಳೆಯೇ ಇಂದಿಗೂ ನಡೆದಿದೆ. ನಿಧಿಯಲ್ಲಿ ಹೆಚ್ಚು ಪಾಲು ಉಳ್ಳವನಿಗೆ ಹೆಚ್ಚು ಮತ. ಇದು ಕಂಪನಿಯ ನ್ಯಾಯವೇ ಹೊರತು ಪಂಚಾಯತಿಯ ನ್ಯಾಯವಲ್ಲ. ಮಹತ್ವದ ನಿರ್ಣಯಗಳಿಗೆ ಶೇಕಡಾ ೮೫ ಮತಗಳು ಬೇಕು. ಅಮೇರಿಕೆಯೊಂದರ ಕೈಯಲ್ಲಿಯೇ ಶೇಕಡಾ ೧೬ಕ್ಕೂ ಮಿಕ್ಕಿ ಮತಗಳಿವೆ. ಆದುದರಿಂದ ಉಳಿದವರೆಲ್ಲ ಒಂದಾದರೂ ಆ ಒಬ್ಬರ ಸಮ್ಮತಿಯಿಲ್ಲದೆ ಕಟ್ಟಳೆಯನ್ನು ತಿದ್ದುವಂತಿಲ್ಲ. ಜಗತ್ತಿನಲ್ಲಿಯೇ ಅತ್ಯಧಿಕ ಜನಸಂಖ್ಯೆಯುಳ್ಳ ಭಾರತಕ್ಕಿರುವ ಮತಬಲವು ಶೇಕಡಾ ಮೂರನ್ನು ಮುಟ್ಟಿಲ್ಲ. ನಿಧಿಯ ಮುಖ್ಯಾಧಿಕಾರಿಯು ಯುರೋಪಿನವನು, ಬ್ಯಾಂಕಿನ ಅಧ್ಯಕ್ಷನು ಅಮೇರಿಕೆಯ ಪ್ರಜೆ ಎಂಬದು ಯಾವ ಕಾಯಿದೆಯಲ್ಲಿಯೂ ಬರೆದಿಲ್ಲ. ಆದರೂ ಪ್ರಾರಂಭದಿಂದ ಈವರೆಗೆ ತಪ್ಪದೆ ನಡೆದುಬಂದ ರೂಢಿಯಾಗಿದೆ.

ಹಾಗಾದರೆ ದುರ್ಬಲರ ಕೈಯಲ್ಲಿ ಏನೂ ಇಲ್ಲವೇ? ಇದೆ, ಮೂರು ಸಾಧನಗಳು ಇವೆಯೆಂದು ಇತಿಹಾಸವು ತೋರಿಸಿಕೊಟ್ಟಿದೆ.

ಮೊದಲನೆಯದು ಸಂಖ್ಯಾಬಲ. ೧೯೫೫ನೆಯ ಏಪ್ರಿಲ್ ತಿಂಗಳಲ್ಲಿ ಇಂಡೋನೇಶಿಯದ ಬಾಂಡುಂಗ್ ಪಟ್ಟಣದಲ್ಲಿ ಏಶಿಯಾ ಆಫ್ರಿಕಾ ಖಂಡಗಳ ೨೯ ರಾಷ್ಟ್ರಗಳು ಸೇರಿದವು. ಅಲ್ಲಿಂದ ಎಂಟು ವರುಷಗಳಲ್ಲಿ ಹೊಸದಾಗಿ ಸ್ವತಂತ್ರವಾದ ದೇಶಗಳು ಸಂಯುಕ್ತ ರಾಷ್ಟ್ರಸಂಘದಲ್ಲಿ ತುಂಬಿಕೊಂಡವು. ೧೯೬೩ನೆಯ ಡಿಸೆಂಬರಿನಲ್ಲಿ ಅವು ಒಗ್ಗಟ್ಟಾಗಿ ನಿಂತು ಭದ್ರತಾ ಮಂಡಲಿಯ ಸದಸ್ಯರ ಸಂಖ್ಯೆಯನ್ನು ೧೧ರಿಂದ ೧೫ಕ್ಕೆ ಏರಿಸುವ ಠರಾವನ್ನು ಪಾಸು ಮಾಡಿಸಿದವು. ೧೯೬೫ರಲ್ಲಿ ಅದು ಜಾರಿಗೆ ಬಂದಿತು. ಸನ್ನದನ್ನು ತಿದ್ದಲಾಗದೆಂದು ಹೇಳುವವರಿಗೆ ಇದೇ ಉತ್ತರ. ೧೯೬೪ರಲ್ಲಿ ೭೭ ರಾಷ್ಟ್ರಗಳು ಸೇರಿ ಕಟ್ಟಿದ ಕೂಟವು ಇಂದು ನೂರಾಮೂವತ್ತನ್ನು ದಾಟಿದರೂ ಹಳೆಯ ಹೆಸರನ್ನೇ ಇಟ್ಟುಕೊಂಡಿದೆ. ಆದರೆ ಸಂಖ್ಯೆಯೊಂದೇ ಸಾಲದೆಂಬದಕ್ಕೂ ಸಾಕ್ಷಿಯುಂಟು. ೧೯೭೪ರಲ್ಲಿ ಸಾಮಾನ್ಯ ಸಭೆಯು ನೂತನ ಅರ್ಥವ್ಯವಸ್ಥೆಯ ಘೋಷಣೆಯನ್ನು ಮಾಡಿತು. ಹಣದ ಕೀಲಿಕೈ ಬೇರೆಯವರಲ್ಲಿದ್ದುದರಿಂದ ಘೋಷಣೆಯು ಕಾಗದದಲ್ಲಿಯೇ ಉಳಿಯಿತು.

ಎರಡನೆಯದು ಅಸಮ್ಮತಿ. ೨೦೦೩ನೆಯ ಸೆಪ್ಟೆಂಬರಿನಲ್ಲಿ ಮೆಕ್ಸಿಕೋದ ಕ್ಯಾನ್‌ಕುನ್ ಪಟ್ಟಣದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಂತ್ರಿಗಳ ಸಭೆಯಾಯಿತು. ಶ್ರೀಮಂತ ರಾಷ್ಟ್ರಗಳು ತಮ್ಮ ರೈತರಿಗೆ ಕೊಡುವ ಸಹಾಯಧನವನ್ನು ಸಾಕಷ್ಟು ಇಳಿಸದೆ, ಬಡರಾಷ್ಟ್ರಗಳ ಪೇಟೆಯ ಬಾಗಿಲನ್ನು ಮಾತ್ರ ತೆರೆಯಬೇಕೆಂದರು. ಬ್ರಾಜಿಲ, ಭಾರತ, ಚೀನ, ದಕ್ಷಿಣ ಆಫ್ರಿಕ ಮೊದಲಾದ ಸುಮಾರು ಇಪ್ಪತ್ತು ದೇಶಗಳು ಒಕ್ಕೊರಲಿನಿಂದ ಒಲ್ಲೆವೆಂದವು. ಬೆನಿನ್, ಬುರ್ಕಿನಾ ಫಾಸೋ, ಚಾಡ್, ಮಾಲಿ ಎಂಬ ಆಫ್ರಿಕದ ನಾಲ್ಕು ಬಡರಾಷ್ಟ್ರಗಳು ಅಮೇರಿಕೆಯ ಸಹಾಯಧನದಿಂದ ತಮ್ಮ ಹತ್ತಿಯ ಬೆಲೆ ಕುಸಿಯುತ್ತಿದೆಯೆಂದು ಮೊರೆಯಿಟ್ಟವು. ಸಭೆಯು ಒಪ್ಪಂದವಿಲ್ಲದೆ ಮುರಿಯಿತು. ಆ ಅಸಮ್ಮತಿಯು ವ್ಯರ್ಥವಾಗಲಿಲ್ಲ. ಕೃಷಿಯ ರಫ್ತಿಗೆ ಕೊಡುವ ಸಹಾಯಧನವನ್ನು ನಿಲ್ಲಿಸಲು ೨೦೧೫ರಲ್ಲಿ ನೈರೋಬಿಯ ಸಭೆಯು ಒಪ್ಪಿತು. ಬ್ರಾಜಿಲವು ಹತ್ತಿಯ ವಿಷಯದಲ್ಲಿ ಅಮೇರಿಕೆಯ ಮೇಲೆ ದಾವೆ ಹೂಡಿ ಗೆದ್ದು, ೨೦೧೪ರ ರಾಜಿಯಲ್ಲಿ ೩೦ ಕೋಟಿ ಡಾಲರುಗಳನ್ನು ಪಡೆಯಿತು. ಆದರೆ ಮೊದಲು ಮೊರೆಯಿಟ್ಟ ಆ ನಾಲ್ಕು ರಾಷ್ಟ್ರಗಳ ಪ್ರಶ್ನೆಯು ಇನ್ನೂ ಪೂರ್ತಿಯಾಗಿ ಬಗೆಹರಿದಿಲ್ಲ. ಈ ಮಾತನ್ನು ತಾವು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮುಂದೆ ಅದಕ್ಕೇ ಬರುವೆವು.

ಮೂರನೆಯದು ಸ್ವಂತ ಮನೆಯನ್ನು ಕಟ್ಟುವದು. ೨೦೦೮ರ ಆರ್ಥಿಕ ವಿಪತ್ತಿನ ತರುವಾಯ, ೨೦೦೯ನೆಯ ಜೂನಿನಲ್ಲಿ ಬ್ರಾಜಿಲ, ರಶಿಯ, ಭಾರತ, ಚೀನಗಳ ನಾಯಕರು ರಶಿಯದ ಯೆಕಾತೆರಿನ್‌ಬುರ್ಗಿನಲ್ಲಿ ಕೂಡಿದರು. ೨೦೧೧ರ ಸಮ್ಮೇಲನಕ್ಕೆ ದಕ್ಷಿಣ ಆಫ್ರಿಕವೂ ಸೇರಿತು. ಇದೇ ಬ್ರಿಕ್ಸ್ ಕೂಟ. ಹಣಕಾಸು ನಿಧಿಯಲ್ಲಿ ಮತಗಳನ್ನು ಮರುಹಂಚಬೇಕೆಂಬದು ಇವರ ಒತ್ತಾಯ. ನಿಧಿಯು ೨೦೧೦ರಲ್ಲಿ ಅಷ್ಟಿಷ್ಟು ಒಪ್ಪಿತು. ಅಮೇರಿಕೆಯ ಕಾಂಗ್ರೆಸ್ಸು ಅದಕ್ಕೆ ಮುದ್ರೆಯೊತ್ತಿದ್ದು ೨೦೧೫ರ ಡಿಸೆಂಬರಿನಲ್ಲಿ. ಕೋರ್ಟಿನ ಕಟ್ಟೆಯನ್ನು ಸವೆಸಿದ ನಮ್ಮಂಥವರಿಗೆ ತಡವಾದ ನ್ಯಾಯದ ಪರಿಚಯವು ಚೆನ್ನಾಗಿಯೇ ಇದೆ. ಕಾಯುವದರಲ್ಲಿಯೇ ಕಾಲ ಕಳೆಯದೆ ಆ ಐವರು ೨೦೧೪ನೆಯ ಜುಲೈ ತಿಂಗಳಲ್ಲಿ ಬ್ರಾಜಿಲದ ಫೋರ್ತಲೇಜ಼ಾದಲ್ಲಿ ನೂತನ ಅಭಿವೃದ್ಧಿ ಬ್ಯಾಂಕಿನ ಕರಾರಿಗೆ ಸಹಿ ಹಾಕಿದರು. ಮೊದಲ ಬಂಡವಾಳವು ೫,೦೦೦ ಕೋಟಿ ಡಾಲರು, ಐವರಿಗೂ ಸಮಪಾಲು, ವೀಟೋ ಎಂಬ ನಿಷೇಧಾಧಿಕಾರವು ಯಾರಿಗೂ ಇಲ್ಲ. ಶಾಂಘಾಯಿಯಲ್ಲಿರುವ ಈ ಬ್ಯಾಂಕಿನ ಪ್ರಥಮಾಧ್ಯಕ್ಷ ಪದವಿಯನ್ನು ೨೦೧೫ರಲ್ಲಿ ವಹಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕೆ. ವಿ. ಕಾಮತರು ಎಂಬದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ.

ಇಷ್ಟು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವದು ಪ್ರಾಮಾಣಿಕತೆಯಲ್ಲ. ೨೦೧೧ರಲ್ಲಿ ನಿಧಿಯ ಮುಖ್ಯಾಧಿಕಾರಿಯ ಪದವಿಯು ತೆರವಾದಾಗ, ಯುರೋಪಿನವರಿಗೇ ಅದು ಮೀಸಲೆಂಬ ರೂಢಿಯನ್ನು ಈ ಐದು ರಾಷ್ಟ್ರಗಳ ಪ್ರತಿನಿಧಿಗಳು ಖಂಡಿಸಿದರು. ಆದರೆ ತಮ್ಮೊಳಗೆ ಒಬ್ಬ ಉಮೇದುವಾರನನ್ನು ನಿಲ್ಲಿಸಲು ಒಮ್ಮತವಾಗದೆ, ಪದವಿಯು ಫ್ರಾನ್ಸಿನ ಕ್ರಿಸ್ಟೀನ್ ಲಗಾರ್ಡ್ ಅವರಿಗೆ ಹೋಯಿತು. ಭದ್ರತಾ ಮಂಡಲಿಯ ಸ್ಥಿರಸ್ಥಾನದಲ್ಲಿ ಮೊದಲಿನಿಂದ ಇದ್ದ ಐವರೇ ಇಂದಿಗೂ ಇದ್ದಾರೆ. ಭಾರತ, ಬ್ರಾಜಿಲಗಳ ಹಕ್ಕೊತ್ತಾಯವು ಹಾಗೆಯೇ ನಿಂತಿದೆ. ೨೦೨೦ರಲ್ಲಿ ಗಲ್ವಾನ್ ಕಣಿವೆಯಲ್ಲಿ ರಕ್ತ ಹರಿದ ಎರಡು ರಾಷ್ಟ್ರಗಳು ಅದೇ ಕೂಟದ ಒಂದೇ ಪಂಕ್ತಿಯಲ್ಲಿ ಕುಳಿತಿರುವವು. ಸಮಾನ ದುಃಖವು ಜನರನ್ನು ಒಂದೆಡೆ ಸೇರಿಸೀತು. ಅವರನ್ನು ಒಂದೆಡೆ ಉಳಿಸಲು ಪರಸ್ಪರ ವಿಶ್ವಾಸವೇ ಬೇಕು.

ಇದಕ್ಕಿಂತ ದೊಡ್ಡ ಪ್ರಶ್ನೆಯೊಂದುಂಟು. ಹಳೆಯ ಕಟ್ಟಳೆಯನ್ನು ಬದಲಿಸಬೇಕೆಂಬದು ನಮ್ಮ ಗುರಿಯೋ, ಅಥವಾ ಹಳೆಯ ಯಜಮಾನರ ಪಕ್ಕದಲ್ಲಿ ನಮಗೊಂದು ಗಾದಿಯು ಸಿಕ್ಕರೆ ಸಾಕೆಂಬದೋ? ನೂತನ ಬ್ಯಾಂಕಿನಲ್ಲಿ ಸ್ಥಾಪಕರಾದ ಐವರೂ ಸಮಾನರು, ನಿಜ. ಆದರೆ ಎಷ್ಟೇ ಹೊಸಬರು ಬಂದರೂ ಸ್ಥಾಪಕರ ಒಟ್ಟು ಮತಬಲವು ಶೇಕಡಾ ೫೫ಕ್ಕಿಂತ ಕೆಳಗಿಳಿಯಕೂಡದೆಂದು ಅದರ ನಿಬಂಧನೆಯಲ್ಲಿದೆ. ಬ್ರೆಟನ್ ವುಡ್ಸಿನಲ್ಲಿ ನಮಗೆ ಕಹಿಯಾದ ಔಷಧವನ್ನೇ ನಾವು ಇನ್ನೊಬ್ಬರಿಗೆ ಕುಡಿಸುತ್ತಿಲ್ಲವೇ? ೨೦೨೪ರಲ್ಲಿ ಈಜಿಪ್ಟ, ಇಥಿಯೋಪಿಯ, ಇರಾನ್ ಮೊದಲಾದವೂ ೨೦೨೫ರಲ್ಲಿ ಇಂಡೋನೇಶಿಯವೂ ಬ್ರಿಕ್ಸ್ ಕೂಟವನ್ನು ಸೇರಿವೆ. ಇವರನ್ನು ಸಹೋದರರೆಂದು ಕಾಣುವೆವೋ ಹಿಂಬಾಲಕರೆಂದು ಕಾಣುವೆವೋ ಎಂಬದರ ಮೇಲೆ ಕೂಟದ ಭವಿಷ್ಯವು ನಿಂತಿದೆ. ೨೦೨೩ನೆಯ ಸೆಪ್ಟೆಂಬರಿನಲ್ಲಿ ದಿಲ್ಲಿಯ ಜಿ-೨೦ ಸಮ್ಮೇಲನದಲ್ಲಿ ಆಫ್ರಿಕದ ಒಕ್ಕೂಟಕ್ಕೆ ಪೂರ್ಣ ಸದಸ್ಯತ್ವವು ದೊರೆತದ್ದು ಸರಿಯಾದ ದಾರಿಯ ಒಂದು ಹೆಜ್ಜೆ. ಬೆನಿನ್ ದೇಶದ ಹತ್ತಿಯ ರೈತನ ಮೊರೆಗೆ ಉತ್ತರ ಸಿಕ್ಕ ದಿನವೇ ದಾರಿಯು ಊರು ಮುಟ್ಟಿತೆನ್ನಬೇಕು.

ಈ ಪಾಠವನ್ನು ಕಲಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಮುಂಬಯಿ, ಮದ್ರಾಸು, ಹೈದರಾಬಾದುಗಳ ಆಡಳಿತದಲ್ಲಿ ನಮ್ಮವರು ಚೆದುರಿ, ಹೋದಲ್ಲೆಲ್ಲ ಅಲ್ಪಸಂಖ್ಯಾತರಾಗಿ, ತಮ್ಮ ನಾಡಿನ ನಿರ್ಣಯವನ್ನು ಪರರ ಬಾಯಿಂದ ಕೇಳಬೇಕಾಗಿದ್ದಿತು. ೧೯೫೬ನೆಯ ನವೆಂಬರ್ ೧ರಂದು ನಾಡು ಒಂದಾಯಿತು. ಆದರೆ ಕೂಡಿದ ಮನೆಯಲ್ಲಿಯೂ ಕಲಬುರ್ಗಿಯ ಕಡೆಯವರು ಹಿಂದುಳಿದರೆಂಬ ಕೊರಗು ಉಳಿದು, ಅದರ ಪರಿಹಾರಕ್ಕಾಗಿ ೨೦೧೨ರಲ್ಲಿ ಸಂಸತ್ತು ಸಂವಿಧಾನಕ್ಕೆ ೩೭೧-ಜೆ ಎಂಬ ವಿಧಿಯನ್ನು ಸೇರಿಸಬೇಕಾಯಿತು. ಕೂಡುವದು ಮೊದಲ ಕಾರ್ಯ. ಕೂಡಿದವರಲ್ಲಿ ಕಿರಿಯನ ಪಾಲನ್ನು ಕಾಯುವದು ಎರಡನೆಯದು, ಕಷ್ಟತರವಾದುದು.

ಶಿಕ್ಷಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ತಮ್ಮ ವರ್ಗದಲ್ಲಿ ಭೂಪಟವನ್ನು ತೂಗುಹಾಕಿದಾಗ ಲಂಡನ್ನು, ವಾಷಿಂಗ್ಟನ್ನುಗಳನ್ನಷ್ಟೇ ತೋರಿಸಬೇಡಿರಿ. ಬಾಂಡುಂಗವನ್ನೂ ಬೆನಿನ್ನನ್ನೂ ಬೆರಳಿಟ್ಟು ತೋರಿಸಿರಿ. ಜಗತ್ತಿನ ಪಂಚಾಯತಿಯಲ್ಲಿ ನಾಳೆ ಕುಳಿತುಕೊಳ್ಳುವವರು ಇಂದು ತಮ್ಮ ಮುಂದಿನ ಮಣೆಗಳ ಮೇಲಿದ್ದಾರೆ. ತಮಗೆ ನ್ಯಾಯವನ್ನು ಬೇಡುವ ಧೈರ್ಯದೊಂದಿಗೆ, ತಮಗಿಂತ ಬಡವನಿಗೆ ನ್ಯಾಯವನ್ನು ಕೊಡುವ ಬುದ್ಧಿಯೂ ಅವರಿಗೆ ಬರಲೆಂದು ಹಾರೈಸುವೆವು.